ಮುಪ್ಪಿನ ಸೇವೆ: ಲೆಕ್ಕಕ್ಕೆ ಬಾರದವರ ಚರಿತ್ರೆ

ಆದವಾನಿಯ ಸೀಮೆಗೆ ಸಮೀಪದಲ್ಲಿ, ಗುತ್ತಿಯಿಂದ ಪತ್ತಿಕೊಂಡಕ್ಕೆ ಹೋಗುವ ದಾರಿಯ ಬಳಿ, ಎರ್ರಗುಡಿಯೆಂಬ ಊರುಂಟು. ಅಲ್ಲಿಯ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ 14 ದೊಡ್ಡ ಶಾಸನಗಳೂ ಅವುಗಳ ಜೊತೆಗೆ ಕಿರಿಯ ಶಾಸನಗಳೂ ಕೊರೆಯಲ್ಪಟ್ಟಿವೆ. ಆ 14ರಲ್ಲಿ ಎಂಟನೆಯದು, ಅರಸನು ಬೇಟೆ ಮೊದಲಾದ ವಿಹಾರಗಳನ್ನು ಬಿಟ್ಟು ಧರ್ಮಯಾತ್ರೆಯನ್ನು ಕೈಕೊಂಡುದನ್ನೂ, ಆ ಯಾತ್ರೆಯಲ್ಲಿ ವೃದ್ಧರನ್ನು ಕಂಡು ಅವರಿಗೆ ಹೊನ್ನನ್ನು ಹಂಚುತ್ತಿದ್ದುದನ್ನೂ ಹೇಳುತ್ತದೆ. ಐದನೆಯದು, ಪಟ್ಟಾಭಿಷೇಕವಾಗಿ 13 ವರ್ಷಗಳು ಕಳೆದ ಮೇಲೆ ನೇಮಿಸಲಾದ ಧರ್ಮಮಹಾಮಾತ್ರರೆಂಬ ಅಧಿಕಾರಿಗಳು ಅನಾಥರ ಮತ್ತು ಮುದುಕರ ಹಿತವನ್ನು ನೋಡಿಕೊಳ್ಳಬೇಕೆಂದು ವಿಧಿಸುತ್ತದೆ. ಸೆರೆಮನೆಯಲ್ಲಿದ್ದವನು ಮುದುಕನಾಗಿದ್ದರೆ ಅವನ ಬಿಡುಗಡೆಯ ವಿಚಾರವನ್ನೂ ಅವರೇ ಮಾಡಬೇಕಾಗಿತ್ತು. 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಶಾಸನಗಳಂತೂ ತಾಯಿತಂದೆಗಳ ಶುಶ್ರೂಷೆಯನ್ನು ಧರ್ಮದ ಮೊದಲ ಮಾತಾಗಿಯೇ ಸಾರುತ್ತವೆ. ಕನ್ನಡ ಮಾತನಾಡುವ ನಾಡಿನಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಬರಹಗಳಲ್ಲಿಯೇ, ಆ ಬರಹದ ಭಾಷೆ ಪ್ರಾಕೃತವಾಗಿದ್ದರೂ, ಮುಪ್ಪಿನವರ ಸೇವೆಯ ಪ್ರಸ್ತಾಪವಿದೆಯೆಂಬುದು ಸಣ್ಣ ವಿಷಯವಲ್ಲ.

ಆದರೆ ಈ ಶಾಸನಗಳನ್ನು ಇನ್ನೊಂದು ಸಲ ಓದಿ ನೋಡಬೇಕು. ಸೇವೆಯನ್ನು ಪಡೆಯುವವರು ಯಾರೆಂಬುದು ಅಲ್ಲಿ ಸ್ಪಷ್ಟವಾಗಿದೆ. ಮಾಡಬೇಕೆಂದು ವಿಧಿಸಿದವನು ಯಾರೆಂಬುದೂ ಸ್ಪಷ್ಟವೇ. ಹಾಸಿಗೆಯ ಮಗ್ಗುಲಲ್ಲಿ ಕುಳಿತು ಗಂಜಿ ಕುಡಿಸಿದವರು, ಮಲಮೂತ್ರಗಳನ್ನು ಬಳಿದವರು, ರಾತ್ರಿ ಮೂರು ಸಲ ಎದ್ದು ಮಗ್ಗುಲು ತಿರುಗಿಸಿದವರು ಯಾರು? ಇದಕ್ಕೆ ಬಂಡೆಗಳಲ್ಲಿ ಉತ್ತರವಿಲ್ಲ. ಎರಡು ಸಾವಿರ ವರ್ಷಗಳಿಗೂ ಮಿಕ್ಕಿದ ದಾಖಲೆಗಳಲ್ಲಿಯೂ ಅದು ಬಹಳ ಮಟ್ಟಿಗೆ ಇಲ್ಲ. ಈ ಲೇಖನದ ವಸ್ತು ಅದೇ. ಮುದುಕರ ಚರಿತ್ರೆಯನ್ನಲ್ಲ, ಮುದುಕರನ್ನು ನೋಡಿಕೊಂಡವರ ಚರಿತ್ರೆಯನ್ನು ಇಲ್ಲಿ ಅರಸಲು ಹೊರಟಿದ್ದೇವೆ.

ಕೌಟಿಲ್ಯನು ತನ್ನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ, ಶಕ್ತಿಯಿದ್ದೂ ತಾಯಿತಂದೆಗಳನ್ನು, ಹೆಂಡತಿ ಮಕ್ಕಳನ್ನು, ವಿಧವೆಯರಾದ ಸೋದರಿಯರನ್ನು ಸಾಕದವನಿಗೆ 12 ಪಣಗಳ ದಂಡವನ್ನು ಹೇಳಿದನು. ದಿಕ್ಕಿಲ್ಲದ ಬಾಲರನ್ನೂ ವೃದ್ಧರನ್ನೂ ರೋಗಿಗಳನ್ನೂ ಅರಸನೇ ಪೊರೆಯಬೇಕೆಂದನು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಬರೆದ ಮಿತಾಕ್ಷರಾ ವ್ಯಾಖ್ಯಾನವು, ಬ್ರಿಟಿಷರ ನ್ಯಾಯಾಲಯಗಳ ಮೂಲಕ ಬಂಗಾಳವೊಂದನ್ನುಳಿದು ಭಾರತದ ಬಹುಭಾಗದ ಹಿಂದೂ ಕುಟುಂಬಗಳಿಗೆ ಕಾನೂನಾಗಿ ಪರಿಣಮಿಸಿತು. ಈ ಪರಂಪರೆಯಲ್ಲಿ ವೃದ್ಧ ತಾಯಿತಂದೆಗಳ ಪೋಷಣೆ ಮಗನ ಋಣ. ಬಳ್ಳಿಗಾವೆಯ ಕೋಡಿಮಠಕ್ಕೆ ಸಂಬಂಧಿಸಿದ 1162ರ ಶಾಸನವು ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅಲ್ಲಿ ಅನ್ನ ದೊರೆಯುತ್ತಿತ್ತೆಂದೂ ರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿತ್ತೆಂದೂ ತಿಳಿಸುತ್ತದೆ. ಮನೆಯಿಲ್ಲದವರಿಗೆ ಮಠ, ಮನೆಯಿದ್ದವರಿಗೆ ಮಗ: ವ್ಯವಸ್ಥೆ ಹೀಗಿತ್ತು. ಮಗನ ಋಣವೆಂದು ಬರೆದುದನ್ನು ತೀರಿಸುತ್ತಿದ್ದ ಕೈ ಮಾತ್ರ ಬಹುಪಾಲು ಮಗನದಾಗಿರಲಿಲ್ಲ. ಸೊಸೆಯದು, ಹೆಂಡತಿಯದು, ಗಂಡನ ಮನೆಯಿಂದ ಮರಳಿ ಬಂದ ಮಗಳದು. ಋಣಿ ಒಬ್ಬ, ತೀರಿಸುವವಳು ಇನ್ನೊಬ್ಬಳು. ಇಂಥ ಲೆಕ್ಕವನ್ನು ಯಾವ ಶಾನುಭೋಗನಾದರೂ ಒಪ್ಪುತ್ತಿದ್ದನೆ? ಧರ್ಮಶಾಸ್ತ್ರವು ಒಪ್ಪಿತು.

ನಮ್ಮ ಭಾಷೆಯೇ ಈ ಮರೆವಿಗೆ ಸಾಕ್ಷಿ ನುಡಿಯುತ್ತದೆ. ಹೆರಿಗೆಯಾದವಳನ್ನು ನೋಡಿಕೊಳ್ಳುವುದಕ್ಕೆ ಕನ್ನಡದಲ್ಲಿ ಬಾಣಂತನವೆಂಬ ಸೊಗಸಾದ ಮಾತುಂಟು. ಬಾಣಂತನಕ್ಕೆ ಇಷ್ಟು ದಿನವೆಂಬ ಅವಧಿಯುಂಟು, ಪಥ್ಯವುಂಟು, ಎಣ್ಣೆನೀರಿನ ಕ್ರಮವುಂಟು. ಮಾಡಿದವಳಿಗೆ ಸೀರೆ ಕುಪ್ಪಸದ ಮರ್ಯಾದೆಯುಂಟು. ಎಲ್ಲಕ್ಕಿಂತ ಮುಖ್ಯವಾಗಿ, ಮುಗಿಯುವ ದಿನವುಂಟು. ಮುಪ್ಪಿನವರನ್ನು ನೋಡಿಕೊಳ್ಳುವುದಕ್ಕೆ ಹೀಗೆ ಒಂದೇ ಮಾತಿನ ಹೆಸರಿಲ್ಲ. ಸೇವೆ, ಶುಶ್ರೂಷೆ, ಆರೈಕೆ ಎನ್ನುತ್ತೇವೆ. ದೇವರಿಗೂ ಗಿಡಕ್ಕೂ ದನಕ್ಕೂ ಸಲ್ಲುವ ಮಾತುಗಳವು. ಅದನ್ನು ಮಾಡುವವಳಿಗೂ ಹೆಸರಿಲ್ಲ. ಅವಳು ಸೊಸೆ, ಅವಳು ಮಗಳು, ಅಷ್ಟೇ. ಹೆಸರಿಲ್ಲದುದನ್ನು ಎಣಿಸುವುದು ಹೇಗೆ?

ಹಿಂದಿನ ಅವಿಭಕ್ತ ಕುಟುಂಬದಲ್ಲಿ ಈ ತೊಂದರೆಯೇ ಇರಲಿಲ್ಲವೆಂದು ಹೇಳುವವರಿದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಕೂಡುಕುಟುಂಬದಲ್ಲಿ ಕೈಗಳು ಹೆಚ್ಚಾಗಿದ್ದವು. ಒಬ್ಬಳು ಒಲೆಯ ಮುಂದೆ ಇದ್ದಾಗ ಇನ್ನೊಬ್ಬಳು ಜಗಲಿಯ ಅಜ್ಜನ ಬಳಿ ಇರುತ್ತಿದ್ದಳು. ಕಾಸರಗೋಡಿನಿಂದ ಉತ್ತರಕ್ಕೆ ಹಬ್ಬಿದ ಅಳಿಯಸಂತಾನದ ಮನೆತನಗಳಲ್ಲಿಯಂತೂ ಸ್ಥಿತಿ ಮತ್ತೂ ಬೇರೆಯಾಗಿತ್ತು. ಅಲ್ಲಿ ಮನೆ ಹೆಣ್ಣುಸಂತತಿಯದು. ಮುದಿ ತಾಯಿ ತನ್ನ ಹುಟ್ಟಿದ ಮನೆಯಲ್ಲಿಯೇ, ತಾನು ಹೆತ್ತ ಹೆಣ್ಣುಮಕ್ಕಳ ನಡುವೆಯೇ ಕಣ್ಣು ಮುಚ್ಚಬಹುದಾಗಿತ್ತು. ಸೇವೆ ಮಾಡುವವಳು ಬೇರೆ ಮನೆಯಿಂದ ಬಂದ ಸೊಸೆಯಲ್ಲ, ಮಗಳು. ಆಕೆ ನಾಳೆ ಅದೇ ಮನೆಯ ಹಿರಿಯಳು. ಸೇವೆಗೂ ಸ್ವತ್ತಿಗೂ ನಡುವೆ ಅಲ್ಲಿ ಒಂದು ಸಂಬಂಧವಿತ್ತು. 1949ರ ಮದರಾಸು ಅಳಿಯಸಂತಾನ ಕಾನೂನು ಈ ಮನೆತನಗಳಲ್ಲಿ ಪಾಲುಮಾಡಿಕೊಳ್ಳುವ ಹಕ್ಕನ್ನು ತಂದಿತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ಅಲ್ಲಿಯ ವಿಧಾನಸಭೆ 1975ರಲ್ಲಿ ಮಾಡಿದ ಕಾನೂನು 1976ರ ಡಿಸೆಂಬರ್ 1ರಿಂದ ಹಿಂದೂ ಕೂಡುಕುಟುಂಬವೆಂಬ ಪದ್ಧತಿಯನ್ನೇ ರದ್ದುಗೊಳಿಸಿತು. ಈ ಕಾನೂನುಗಳನ್ನು ದೂರುವುದು ನಮ್ಮ ಉದ್ದೇಶವಲ್ಲ. ಯಜಮಾನರ ಕೈಕೆಳಗೆ ನರಳಿದ ಕಿರಿಯರಿಗೆ ಅವು ಉಸಿರಾಡುವ ಎಡೆಯನ್ನು ಕೊಟ್ಟವು. ಪಾಲಿನ ಪತ್ರದಲ್ಲಿ ಗದ್ದೆ, ತೋಟ, ಪಾತ್ರೆ ಪರಟಿ ಎಲ್ಲವೂ ಹಂಚಿಕೆಯಾದವು. ಹಾಸಿಗೆ ಹಿಡಿದ ಅಜ್ಜಿಯ ರಾತ್ರಿಗಳು ಯಾರ ಪಾಲಿಗೆಂದು ಬರೆಯುವ ಅಂಕಣ ಮಾತ್ರ ಅದರಲ್ಲಿರಲಿಲ್ಲ.

ಇನ್ನರ್ಧ ಸತ್ಯ ಬೇರೆಯೇ ಉಂಟು. ಹಿಂದಿನವರು ಸೇವೆ ಮಾಡಿದರೆಂಬುದು ನಿಜ. ಆದರೆ ಎಷ್ಟು ಕಾಲ ಮಾಡಿದರು? 1951ರ ಸುಮಾರಿಗೆ ಭಾರತೀಯನ ಸರಾಸರಿ ಆಯುಷ್ಯ 32 ವರ್ಷಗಳಷ್ಟಿತ್ತು. ಶಿಶುಗಳ ಸಾವು ಈ ಸರಾಸರಿಯನ್ನು ಕೆಳಗೆಳೆದಿತ್ತೆಂಬುದನ್ನು ಮರೆಯಬಾರದು; ಎಂಬತ್ತರ ಅಜ್ಜಂದಿರು ಆಗಲೂ ಇದ್ದರು. ಆದರೆ ಸೊಂಟದ ಮೂಳೆ ಮುರಿದು ಅಥವಾ ಪಾರ್ಶ್ವವಾಯು ಬಡಿದು ಮಲಗಿದವರು ಹೆಚ್ಚು ಕಾಲ ಉಳಿಯುತ್ತಿರಲಿಲ್ಲ. ಮಲಗಿದವರ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಬರುತ್ತಿತ್ತು, ಕೆಲವೇ ವಾರಗಳಲ್ಲಿ ಎಲ್ಲವೂ ಮುಗಿಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿಲಿಯಂ ಆಸ್ಲರ್ ಎಂಬ ಪ್ರಸಿದ್ಧ ವೈದ್ಯನು ನ್ಯುಮೋನಿಯಾವನ್ನು ಮುದುಕರ ಮಿತ್ರನೆಂದು ಕರೆದುದು ಈ ಕಾರಣದಿಂದಲೇ. 1940ರ ದಶಕದಲ್ಲಿ ಪೆನಿಸಿಲಿನ್ ಬಳಕೆಗೆ ಬಂದ ಮೇಲೆ ಈ ಮಿತ್ರನು ಬಾಗಿಲಿನಿಂದಲೇ ಹಿಂದಿರುಗತೊಡಗಿದನು. ರಕ್ತದೊತ್ತಡಕ್ಕೆ, ಸಕ್ಕರೆ ರೋಗಕ್ಕೆ ಮದ್ದುಗಳು ಬಂದವು. ಬದುಕು ಉದ್ದವಾಯಿತು, ಅದರೊಡನೆ ಹಾಸಿಗೆಯ ದಿನಗಳೂ ಉದ್ದವಾದವು. ಹಿಂದೆ ವಾರಗಳ ಮಾತಾಗಿದ್ದುದು ಈಗ ಐದು, ಎಂಟು, ಹತ್ತು ವರ್ಷಗಳ ಮಾತು. ಕರ್ತವ್ಯದ ಹೆಸರು ಬದಲಾಗಲಿಲ್ಲ. ಅದರ ಅಳತೆ ಬದಲಾಯಿತು. ಕಾನೂನು, ಉಪದೇಶ, ನೆರೆಹೊರೆಯವರ ಹೊಗಳಿಕೆ ತೆಗಳಿಕೆಗಳೆಲ್ಲ ಇಂದಿಗೂ ಹಳೆಯ ಅಳತೆಯಲ್ಲಿಯೇ ಉಳಿದುಕೊಂಡಿವೆ.

ಈ ಬದಲಾವಣೆಯನ್ನು ಮೊದಲು ಎದುರಿಸಿದ ನಾಡುಗಳಲ್ಲಿ ಇಂಗ್ಲೆಂಡು ಒಂದು. ಸೇವೆ ಮಾಡುವವರು ಅಲ್ಲಿ ದಾಖಲೆಗೆ ಬಂದ ಬಗೆ ಕ್ರಮವಾಗಿ ತಿಳಿದುಬರುತ್ತದಾದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಒಳ್ಳೆಯದು. ಅಲ್ಲಿ 1601ರ ಬಡವರ ಕಾನೂನು ತಾಯಿತಂದೆಗಳೂ ಮಕ್ಕಳೂ ಪರಸ್ಪರ ಸಾಕಬೇಕೆಂದು ವಿಧಿಸಿತ್ತು. ಸಾಕುವವರಿಲ್ಲದವರಿಗೆ ಗಂಜಿಕೇಂದ್ರದಂಥ ದುಡಿಮೆಮನೆಗಳು. 1889ರಲ್ಲಿ ಜರ್ಮನಿಯ ಬಿಸ್ಮಾರ್ಕನು 70 ತುಂಬಿದ ಕೆಲಸಗಾರರಿಗೆ ವಿಮೆಯ ಮೂಲಕ ವೃದ್ಧಾಪ್ಯ ವೇತನವನ್ನು ಏರ್ಪಡಿಸಿದನು. 1908ರ ಕಾನೂನಿನ ಮೇರೆಗೆ ಬ್ರಿಟನ್ನಿನ 70 ದಾಟಿದ ಬಡವರಿಗೆ 1909ರ ಜನವರಿ 1ರಿಂದ ವಾರಕ್ಕೆ 5 ಶಿಲಿಂಗು ದೊರೆಯತೊಡಗಿತು. 1948ರಲ್ಲಿ ಹಳೆಯ ಬಡವರ ಕಾನೂನು ಅಳಿದು, ಮಕ್ಕಳೇ ಸಾಕಬೇಕೆಂಬ ಕಟ್ಟಳೆಯೂ ಅದರೊಡನೆ ಹೋಯಿತು. ಹಣದ ಪ್ರಶ್ನೆ ಹೀಗೆ ಕೊಂಚ ಬಗೆಹರಿಯಿತು. ಕೈಯ ಪ್ರಶ್ನೆ ಬಗೆಹರಿಯಲಿಲ್ಲ.

ನಡುವೆ ವೈದ್ಯಶಾಸ್ತ್ರದಲ್ಲಿ ಒಂದು ದೊಡ್ಡ ತಿರುವು ಕಂಡುಬಂದಿತು. ಲಂಡನ್ ಹತ್ತಿರದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿದ್ದ ಮಾರ್ಜರಿ ವಾರೆನ್ ಎಂಬ ವೈದ್ಯೆಯ ವಶಕ್ಕೆ 1935ರಲ್ಲಿ, ಪಕ್ಕದ ಹಳೆಯ ದುಡಿಮೆಮನೆಯ ರೋಗಿಶಾಲೆಯಲ್ಲಿದ್ದ 714 ಮಂದಿ ಬಂದರು. ಬಹುತೇಕರು ಮುದುಕರು, ವರ್ಷಗಳಿಂದ ಹಾಸಿಗೆ ಬಿಟ್ಟೇಳದವರು. ಗುಣವಾಗದವರೆಂದು ಅವರನ್ನು ಯಾವ ವೈದ್ಯನೂ ಸರಿಯಾಗಿ ಪರೀಕ್ಷಿಸಿಯೇ ಇರಲಿಲ್ಲ. ವಾರೆನ್ ಒಬ್ಬೊಬ್ಬರನ್ನೂ ಪರೀಕ್ಷಿಸಿದಳು. ಕುಳ್ಳಿರಿಸಿದಳು, ನಿಲ್ಲಿಸಿದಳು, ಬಟ್ಟೆ ತೊಡಲು, ಹೆಜ್ಜೆಯಿಡಲು ಕಲಿಸಿದಳು. ಅನೇಕರು ನಡೆದು ಮನೆಗೆ ಹೋದರು. ಅಲ್ಲಿಯ ಹಾಸಿಗೆಗಳ ಸಂಖ್ಯೆಯನ್ನು ಮುಂದೆ ಬಹಳವಾಗಿ ಕಡಿಮೆ ಮಾಡುವುದು ಸಾಧ್ಯವಾಯಿತು. ಮುಪ್ಪಿನಿಂದ ಹಾಸಿಗೆ ಹಿಡಿದರೆಂದು ನಾವು ತಿಳಿಯುವವರಲ್ಲಿ ಹಲವರು ಹಾಸಿಗೆಯಿಂದಲೇ ಮುಪ್ಪನ್ನು ಹಿಡಿದವರು. ಕೀಲುಗಳು ಬಿಗಿಯುತ್ತವೆ, ಸ್ನಾಯುಗಳು ಕರಗುತ್ತವೆ, ಬೆನ್ನಿನ ಕೆಳಗೆ ಹಾಸಿಗೆ ಹುಣ್ಣು ಏಳುತ್ತದೆ, ಮನಸ್ಸು ಮಂಕಾಗುತ್ತದೆ. ಮುದುಕರನ್ನು ಅಲುಗಾಡದಂತೆ ಮಲಗಿಸಿಡುವುದೇ ಭಕ್ತಿಯೆಂದು ನಂಬಿದ ಮನೆಗಳು ನಮ್ಮಲ್ಲಿ ಈಗಲೂ ಕಡಿಮೆಯಿಲ್ಲ. ನೀರಿನ ಲೋಟವನ್ನು ತಾನೇ ಎತ್ತಿಕೊಳ್ಳಬಲ್ಲ ಅಜ್ಜಿಯ ಬಾಯಿಗೆ ಲೋಟವನ್ನು ಹಿಡಿಯುವ ಸೊಸೆ ಊರಿನಲ್ಲಿ ಹೊಗಳಿಸಿಕೊಳ್ಳುತ್ತಾಳೆ. ಅಜ್ಜಿಯ ಕೈಗೆ ಆ ಹೊಗಳಿಕೆಯಿಂದ ಒಳಿತಾಗುವುದಿಲ್ಲ.

ವಾರೆನ್ನಳ ಕೆಲಸದಿಂದ ಮನೆಗೆ ಮರಳಿದವರು ಯಾರ ಬಳಿಗೆ ಮರಳಿದರು? ಇಲ್ಲಿ ಮೇರಿ ವೆಬ್‌ಸ್ಟರ್ ಎಂಬ ಹೆಸರು ಬರುತ್ತದೆ. ಈಕೆ ಕಾಂಗ್ರಿಗೇಷನಲ್ ಪಂಥದ ಕ್ರೈಸ್ತ ಧರ್ಮೋಪದೇಶಕಿ. 1954ರಲ್ಲಿ, 31ನೆಯ ವಯಸ್ಸಿನಲ್ಲಿ, ಮುದಿ ತಾಯಿತಂದೆಗಳನ್ನು ನೋಡಿಕೊಳ್ಳುವುದಕ್ಕಾಗಿ ತನ್ನ ವೃತ್ತಿಯನ್ನು ಬಿಟ್ಟಳು. ಮದುವೆಯಾಗದ ಮಗಳಿದ್ದರೆ ಸೇವೆ ಅವಳ ಪಾಲಿಗೆ ಎಂಬುದು ಅಲ್ಲಿಯೂ ಬರೆಯದ ಕಟ್ಟಳೆ. ಮದುವೆಯಾದ ಅಣ್ಣತಮ್ಮಂದಿರು ಹಬ್ಬಕ್ಕೆ ಬಂದು ಹೋಗುತ್ತಾರೆ. ಇವಳು ಮನೆಯಲ್ಲಿಯೇ ಇರುತ್ತಾಳೆ. ಸಂಬಳ ನಿಲ್ಲುತ್ತದೆ. ಸಂಬಳ ನಿಂತ ಮೇಲೆ ಪಿಂಚಣಿಗಾಗಿ ಕಟ್ಟಬೇಕಾದ ಹಣವೂ ನಿಲ್ಲುತ್ತದೆ. ಹೀಗಾಗಿ ತಾಯಿ ತೀರಿಕೊಂಡ ದಿನ ಇವಳು ಐವತ್ತೋ ಐವತ್ತೈದೋ ದಾಟಿದ, ಕೆಲಸವಿಲ್ಲದ, ಕೆಲವೊಮ್ಮೆ ಮನೆಯೂ ಇಲ್ಲದ, ತನ್ನದೇ ಮುಪ್ಪಿಗೆ ಏನೂ ಕೂಡಿಡದ ಹೆಂಗಸಾಗಿ ಬೀದಿಯಲ್ಲಿ ನಿಲ್ಲುತ್ತಾಳೆ. ಒಂದು ಮುಪ್ಪನ್ನು ಕಾಪಾಡಿದುದರ ಬೆಲೆ ಇನ್ನೊಂದು ಮುಪ್ಪಿನ ದಾರಿದ್ರ್ಯ.

1963ರಲ್ಲಿ ವೆಬ್‌ಸ್ಟರ್ ಈ ಸಂಗತಿಯನ್ನು ಪತ್ರಿಕೆಗಳಿಗೆ ಬರೆದಳು. ಬಂದ ಉತ್ತರಗಳ ರಾಶಿಯೇ ಒಂದು ದಾಖಲೆಯಾಯಿತು. ತಾನೊಬ್ಬಳೇ ಹೀಗೆಂದು ತಿಳಿದು ಮನೆಯೊಳಗೆ ಕುಳಿತಿದ್ದ ನೂರಾರು ಹೆಂಗಸರು ಊರೂರಿನಿಂದ ಬರೆದರು. 1965ರಲ್ಲಿ ಅವರ ಸಂಘವೊಂದು ಹುಟ್ಟಿತು. ಅವಿವಾಹಿತ ಸ್ತ್ರೀ ಮತ್ತು ಅವಳ ಆಶ್ರಿತರ ರಾಷ್ಟ್ರೀಯ ಪರಿಷತ್ತೆಂಬುದು ಅದರ ಹೆಸರಿನ ಅರ್ಥ. ಹೆಸರಿನ ಜಾಣ್ಮೆಯನ್ನು ವಾಚಕರು ಗಮನಿಸಬೇಕು. ಮದುವೆಯಿಲ್ಲದವಳನ್ನು ಇನ್ನೊಬ್ಬರ ಆಶ್ರಿತಳೆಂದು ಕಾಣುತ್ತಿದ್ದ ಸಮಾಜಕ್ಕೆ, ಆಶ್ರಿತರು ಅವಳಿಗೆ ಇದ್ದಾರೆಂದು ಆ ಹೆಸರೇ ಹೇಳಿತು. 1967ರಲ್ಲಿ ಆದಾಯ ತೆರಿಗೆಯಲ್ಲಿ ಒಂದು ರಿಯಾಯಿತಿ ದೊರೆಯಿತು. ನೋಡಿಕೊಳ್ಳುವವರಿಗೆ ಅಲ್ಲಿ ಕಾನೂನಿನಿಂದ ಸಿಕ್ಕಿದ ಮೊದಲ ಸೌಲಭ್ಯ ಅದು. ವೆಬ್‌ಸ್ಟರ್ 1969ರಲ್ಲಿ, 50 ತುಂಬುವ ಮೊದಲೇ ತೀರಿಕೊಂಡಳು. ಅವಳ ಬಳಿಕ, ಹಗಲಿರುಳು ಇನ್ನೊಬ್ಬರ ನೆರವು ಬೇಕಾದ ರೋಗಿಗಳಿಗೆ 1971ರಿಂದ ಒಂದು ಭತ್ಯೆ ಬಂದಿತು. 1976ರಲ್ಲಿ ಕೊನೆಗೂ, ನೋಡಿಕೊಳ್ಳುವುದಕ್ಕಾಗಿ ದುಡಿಮೆಯನ್ನು ಬಿಟ್ಟವರ ಕೈಗೇ ಸರಕಾರ ವಾರದ ಭತ್ಯೆಯನ್ನು ಕೊಡತೊಡಗಿತು.

ಆದರೆ ಆ ಭತ್ಯೆಯಿಂದ ಮದುವೆಯಾದ ಹೆಂಗಸರನ್ನು ಹೊರಗಿಡಲಾಗಿತ್ತು! ಹೇಗಿದ್ದರೂ ಅವರು ಮನೆಯಲ್ಲಿಯೇ ಇರತಕ್ಕವರಲ್ಲವೆ ಎಂಬುದು ಸರಕಾರದ ತರ್ಕ. ಕೌಟಿಲ್ಯನಿಂದ ಲಂಡನ್ನಿನ ಮಂತ್ರಿಗಳವರೆಗೆ ಈ ತರ್ಕವೊಂದು ಮಾತ್ರ ಎಷ್ಟು ಆರೋಗ್ಯವಾಗಿ ಬಾಳಿಕೊಂಡು ಬಂದಿದೆಯೆಂಬುದು ಸೋಜಿಗ. ಜಾಕ್ವೆಲಿನ್ ಡ್ರೇಕ್ ಎಂಬ ವಿವಾಹಿತೆ, ತೀರ ಅಶಕ್ತಳಾದ ತನ್ನ ತಾಯಿ 1984ರಲ್ಲಿ ತನ್ನೊಡನೆ ಇರಲು ಬಂದಾಗ ಕೆಲಸವನ್ನು ಬಿಟ್ಟಳು, ಭತ್ಯೆ ಕೇಳಿದಳು, ವಿವಾಹಿತೆಯೆಂಬ ಕಾರಣದಿಂದ ಅರ್ಜಿ ತಿರಸ್ಕೃತವಾಯಿತು. ಮೊಕದ್ದಮೆ ಐರೋಪ್ಯ ನ್ಯಾಯಾಲಯಕ್ಕೆ ಹೋಯಿತು. 1986ರ ಜೂನ್ 24ರಂದು ನ್ಯಾಯಾಲಯವು ಅವಳ ಪರವಾಗಿ ತೀರ್ಪಿತ್ತಿತು. ಸೋಲನ್ನು ಮುಂಗಂಡ ಬ್ರಿಟಿಷ್ ಸರಕಾರ ಅದರ ಹಿಂದಿನ ದಿನವೇ ಭತ್ಯೆಯನ್ನು ವಿವಾಹಿತೆಯರಿಗೂ ವಿಸ್ತರಿಸುವುದಾಗಿ ಸಾರಿತ್ತು. 1995ರಲ್ಲಿ ಅಲ್ಲಿಯ ಪಾರ್ಲಿಮೆಂಟು ಮಾಡಿದ ಕಾನೂನೊಂದು, ರೋಗಿಗೆ ಏನು ಬೇಕೆಂದು ಕೇಳುವಾಗಲೇ, ನೋಡಿಕೊಳ್ಳುವವರಿಂದ ಇದು ಎಷ್ಟರ ಮಟ್ಟಿಗೆ ಸಾಧ್ಯವೆಂದೂ ವಿಚಾರಿಸಿಕೊಳ್ಳುವ ಹಕ್ಕನ್ನು ಅವರಿಗೆ ಕೊಟ್ಟಿತು.

ಪೂರ್ವದೇಶಗಳಲ್ಲಿ ನಮ್ಮ ಮನೆಗಳಿಗೆ ಹೆಚ್ಚು ಹತ್ತಿರವಾದ ಉದಾಹರಣೆ ಜಪಾನು. ಅಲ್ಲಿಯೂ ಸೇವೆಯ ಭಾರ ಸೊಸೆಯ ಮೇಲೆ. 1972ರಲ್ಲಿ ಅರಿಯೋಶಿ ಸವಾಕೊ ಎಂಬ ಲೇಖಕಿ, ಬುದ್ಧಿಭ್ರಮಣೆಯಾದ ಮಾವನನ್ನು ನೋಡಿಕೊಳ್ಳುವ, ಹೊರಗೆ ಕೆಲಸವನ್ನೂ ಮಾಡುವ ಸೊಸೆಯೊಬ್ಬಳ ಕಥೆಯನ್ನು ಕಾದಂಬರಿಯಾಗಿ ಬರೆದಳು. ಅದರ ಪ್ರತಿಗಳು ಹತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾದವು. ವರದಿಗಳು ಮಾಡಲಾರದುದನ್ನು ಒಂದು ಕಾದಂಬರಿ ಮಾಡಿತು. ಮನೆಯೊಳಗಿನ ಗುಟ್ಟು ನಾಡಿನ ಮಾತಾಯಿತು. ಮುಂದೆ 2000ದ ಏಪ್ರಿಲ್‌ನಲ್ಲಿ ಜಪಾನು ಮುಪ್ಪಿನ ಆರೈಕೆಗೆಂದೇ ಕಡ್ಡಾಯ ವಿಮೆಯನ್ನು ಜಾರಿಗೆ ತಂದಿತು. ಮನೆಗೆ ಬಂದು ಸ್ನಾನ ಮಾಡಿಸುವವರು, ಹಗಲಿನ ಹೊತ್ತು ಮುದುಕರನ್ನು ಇರಿಸಿಕೊಳ್ಳುವ ಕೇಂದ್ರಗಳು ಮೊದಲಾದ ಸೇವೆಗಳನ್ನು ವಿಮೆ ಕೊಡುತ್ತದೆ. ಮನೆಯವರಿಗೆ ಹಣವನ್ನು ಕೊಡುವುದಿಲ್ಲ. ಹಣ ಬೇಡವೆಂದು ಬಲವಾಗಿ ವಾದಿಸಿದವರು ಸ್ತ್ರೀಯರ ಸಂಘಗಳವರು. ಹಣ ಬಂದರೆ ಸೊಸೆಯ ಕೊರಳಿಗೆ ಹಗ್ಗ ಇನ್ನಷ್ಟು ಬಿಗಿಯಾಗುತ್ತದೆಂದು ಅವರ ಅಂಜಿಕೆ. ಇದಕ್ಕೆ ಐದು ವರ್ಷ ಮೊದಲು ಇಂಥದೇ ವಿಮೆಯನ್ನು ತಂದ ಜರ್ಮನಿ ಹಣವನ್ನೂ ಕೊಟ್ಟಿತು, ನೋಡಿಕೊಳ್ಳುವವರ ಪಿಂಚಣಿಯ ಕಂತನ್ನೂ ಕಟ್ಟಿತು. ಎರಡರಲ್ಲಿ ಯಾವುದು ಮೇಲೆಂಬುದು ಇನ್ನೂ ಮುಗಿಯದ ವಾದ. ನಮ್ಮ ಮಟ್ಟಿಗೆ ಹೇಳುವುದಾದರೆ, ರಾತ್ರಿ ನಿದ್ದೆಯಿಲ್ಲದವಳಿಗೆ ಹಣಕ್ಕಿಂತ ಮೊದಲು ಬೇಕಾದುದು ಎರಡು ದಿನಗಳ ಬಿಡುವು.

ಇನ್ನು ನಮ್ಮ ದೇಶದ ಮಾತು. ಸಂವಿಧಾನದ 41ನೆಯ ವಿಧಿ, ವೃದ್ಧಾಪ್ಯದಲ್ಲಿ ಸರಕಾರ ತನ್ನ ಶಕ್ತಿಗನುಸಾರವಾಗಿ ನೆರವಾಗಬೇಕೆನ್ನುತ್ತದೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾನೂನು, ಮುದಿ ತಾಯಿತಂದೆಗಳ ಪೋಷಣೆಯನ್ನು ಮಗನ ಮೇಲೆ ಮಾತ್ರವಲ್ಲ, ಮಗಳ ಮೇಲೂ ಹೊರಿಸಿತು. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಹೆಂಡತಿ ಮಕ್ಕಳಿಗೆ ಮಾತ್ರ ಇದ್ದ ಜೀವನಾಂಶದ ಹಕ್ಕು, 1973ರ ಸಂಹಿತೆಯ 125ನೆಯ ಪ್ರಕರಣದಲ್ಲಿ ತಾಯಿತಂದೆಗಳಿಗೂ ವಿಸ್ತರಿಸಿತು. ಮದುವೆಯಾದ ಮಗಳೂ ಇದಕ್ಕೆ ಬದ್ಧಳೆಂದು ಸರ್ವೋಚ್ಚ ನ್ಯಾಯಾಲಯವು 1987ರಲ್ಲಿ ನಿರ್ಣಯಿಸಿತು. 2007ರಲ್ಲಿ ತಾಯಿತಂದೆಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿಯೇ ಪ್ರತ್ಯೇಕ ಕಾನೂನು ಬಂದಿತು. ವಕೀಲರ ಕಾಟವಿಲ್ಲದ ನ್ಯಾಯಾಧಿಕರಣ, ತಿಂಗಳಿಗೆ 10,000 ರೂಪಾಯಿಗಳವರೆಗೆ ಜೀವನಾಂಶ, ಮುದುಕರನ್ನು ತೊರೆದವರಿಗೆ 3 ತಿಂಗಳವರೆಗೆ ಸೆರೆ, ನೋಡಿಕೊಳ್ಳುವೆನೆಂದು ಆಸ್ತಿ ಬರೆಸಿಕೊಂಡು ಕೈಬಿಟ್ಟವನ ದಾನಪತ್ರವನ್ನು ರದ್ದುಮಾಡುವ ಅವಕಾಶ, ಇವೆಲ್ಲ ಅದರಲ್ಲಿವೆ. ಮಕ್ಕಳಿಂದ ವಂಚಿತರಾದ ಎಷ್ಟೋ ಹಿರಿಯರಿಗೆ ಆ ಕಾನೂನಿನಿಂದ ಉಪಕಾರವಾಗಿದೆ.

ಆದರೂ ಅದರ ವ್ಯಾಖ್ಯೆಗಳ ಪುಟವನ್ನು ತೆರೆದು ನೋಡಿ. ಮಕ್ಕಳೆಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆಯೆಂಬ ಶಬ್ದ ಆ ವ್ಯಾಖ್ಯೆಯಲ್ಲಿಲ್ಲ. ಯಾವಳು ಕೋಟ್ಯಂತರ ಮನೆಗಳಲ್ಲಿ ಈ ಕೆಲಸವನ್ನು ನಿಜವಾಗಿ ಮಾಡುತ್ತಿರುವಳೋ ಅವಳು ಈ ಕಾನೂನಿನ ಪಾಲಿಗೆ ಮನೆಯಲ್ಲಿಯೇ ಇಲ್ಲ. 2019ರ ಡಿಸೆಂಬರಿನಲ್ಲಿ ಲೋಕಸಭೆಯ ಮುಂದಿಟ್ಟ ತಿದ್ದುಪಡಿಯ ಮಸೂದೆಯೊಂದು ಸೊಸೆಯನ್ನೂ ಅಳಿಯನನ್ನೂ ವ್ಯಾಖ್ಯೆಗೆ ಸೇರಿಸಲು ಹೊರಟಿತು. ಅದು ಅವಳಿಗೆ ಬಿಡುವನ್ನೋ ಭತ್ಯೆಯನ್ನೋ ಕೊಡುವುದಕ್ಕಲ್ಲ, ಹೊಣೆಗಾರರ ಪಟ್ಟಿಗೆ ಹೆಸರು ಸೇರಿಸುವುದಕ್ಕೆ! ಆ ಮಸೂದೆ ಕಾನೂನಾಗಲಿಲ್ಲ. 2024ರಲ್ಲಿ ಆ ಲೋಕಸಭೆಯೊಡನೆಯೇ ಮುಗಿದುಹೋಯಿತು. ಅಶೋಕನ ಕಾಲದಿಂದ ಅಜ್ಞಾತಳಾಗಿದ್ದವಳು ಕೊನೆಗೊಮ್ಮೆ ಶಾಸನದಲ್ಲಿ ಕಾಣಿಸಿಕೊಳ್ಳುವ ಹೊತ್ತು ಬಂದಾಗ ಆರೋಪಿಯ ಸ್ಥಾನದಲ್ಲಿ ಕಾಣಿಸಿಕೊಳ್ಳಬೇಕಾಗಿತ್ತು. ಇದನ್ನು ಬರೆದವರ ಮನೆಗಳಲ್ಲಿಯೂ ಮುದಿ ತಾಯಂದಿರಿರಬಹುದು, ಸೊಸೆಯರೂ ಇರಬಹುದು.

ಕಾನೂನಿನ ದಾರಿಯಿಂದ ಬಾರದ ಸಹಾಯ ಬೇರೊಂದು ದಾರಿಯಿಂದ ಬಂದುದನ್ನು ಕೇರಳದಲ್ಲಿ ನೆಲಸಿದ ಕನ್ನಡಿಗರು ತಮ್ಮ ಕಣ್ಣಿನಿಂದಲೇ ಕಂಡಿದ್ದಾರೆ. ಕಲ್ಲಿಕೋಟೆಯ ಮೆಡಿಕಲ್ ಕಾಲೇಜಿನಲ್ಲಿ 1993ರಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಕೂಡಿ ಒಂದು ಸಂಘವನ್ನು ಕಟ್ಟಿದರು. ಅರ್ಬುದ ರೋಗಿಗಳ ನೋವನ್ನು ತಗ್ಗಿಸುವುದು ಮೊದಲ ಗುರಿಯಾಗಿತ್ತು. ರೋಗಿಗಳು ಆಸ್ಪತ್ರೆಯಲ್ಲಿ ಕಳೆಯುವುದು ಕೆಲವು ದಿನ, ಮನೆಯಲ್ಲಿ ಕಳೆಯುವುದು ಉಳಿದೆಲ್ಲ ದಿನ ಎಂಬುದು ಅವರಿಗೆ ಬೇಗನೆ ಮನವರಿಕೆಯಾಯಿತು. ವೈದ್ಯನು ಮನೆಗೆ ಹೋಗಬೇಕು. ವೈದ್ಯನಿಗಿಂತ ಮುಖ್ಯವಾಗಿ ನರ್ಸು ಹೋಗಬೇಕು. ಇಬ್ಬರಿಗಿಂತ ಹೆಚ್ಚಾಗಿ ನೆರೆಯವನು ಹೋಗಬೇಕು. ಈ ವಿಚಾರದಿಂದ ಹೊಸ ಶತಮಾನದ ಆರಂಭದ ವರ್ಷಗಳಲ್ಲಿ ಮಲಪ್ಪುರಂ, ಕಲ್ಲಿಕೋಟೆ, ವಯನಾಡು ಮುಂತಾದ ಉತ್ತರ ಕೇರಳದ ಜಿಲ್ಲೆಗಳಲ್ಲಿ ನೆರೆಹೊರೆಯ ಜಾಲವೊಂದು ಹಬ್ಬಿತು. ಅಂಗಡಿಯವರು, ಮೇಸ್ಟರು, ಆಟೋರಿಕ್ಷಾದವರು, ಕಾಲೇಜಿನ ಹುಡುಗರು ಕೆಲವು ಗಂಟೆಗಳ ಪಾಠವನ್ನೂ ಮನೆಭೇಟಿಯ ಅಭ್ಯಾಸವನ್ನೂ ಪಡೆದು ವಾರಕ್ಕಿಷ್ಟು ಹೊತ್ತು ತಮ್ಮ ಊರಿನ ರೋಗಿಗಳಿಗೆ ಮೀಸಲಿಟ್ಟರು. ಅರ್ಬುದವೊಂದರಿಂದ ತೊಡಗಿದುದು ಪಾರ್ಶ್ವವಾಯುವಿಗೂ, ಮರೆವಿನ ರೋಗಕ್ಕೂ, ಬರಿಯ ಮುಪ್ಪಿನಿಂದ ಹಾಸಿಗೆ ಹಿಡಿದವರಿಗೂ ವಿಸ್ತರಿಸಿತು. 2008ರಲ್ಲಿ ರಾಜ್ಯ ಸರಕಾರವು ಇದನ್ನು ತನ್ನ ಅಧಿಕೃತ ನೀತಿಯಾಗಿ ಘೋಷಿಸಿತು. ಅಲ್ಲಿಂದ ಮುಂದೆ ಗ್ರಾಮ ಪಂಚಾಯತುಗಳೇ ನರ್ಸುಗಳನ್ನು ನೇಮಿಸಿ ಮನೆಮನೆಗೆ ಕಳುಹಿಸತೊಡಗಿದವು. 2011ರ ಜನಗಣತಿಯಲ್ಲಿ ದೇಶದ ಜನರಲ್ಲಿ 60 ದಾಟಿದವರು ನೂರಕ್ಕೆ 8.6ರಷ್ಟಿದ್ದಾಗ ಕೇರಳದಲ್ಲಿ 12.6ರಷ್ಟಿದ್ದರು, ಮಕ್ಕಳಲ್ಲಿ ಎಷ್ಟೋ ಮಂದಿ ಕೊಲ್ಲಿ ರಾಜ್ಯಗಳಲ್ಲಿದ್ದರು. ಅವಶ್ಯಕತೆ ದೊಡ್ಡದಾಗಿತ್ತು.

ಈ ನರ್ಸು ಮನೆಗೆ ಬಂದು ಮಾಡುವ ಕೆಲಸದಲ್ಲಿ ಅರ್ಧ ರೋಗಿಗೆ, ಅರ್ಧ ರೋಗಿಯ ಬಳಿ ನಿಂತವಳಿಗೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹೇಗೆ, ಹಾಸಿದ ಬಟ್ಟೆಯಲ್ಲಿ ಸುಕ್ಕು ಬಾರದಂತೆ ನೋಡುವುದೇಕೆ, ಮಲಗಿದಲ್ಲಿಯೇ ಗಂಜಿ ಹೊಯ್ದರೆ ಅದು ಶ್ವಾಸನಾಳಕ್ಕೆ ಇಳಿಯುವ ಅಪಾಯವೆಂಥದು, ಭಾರವನ್ನು ಎತ್ತುವಾಗ ಬೆನ್ನನ್ನು ಬಾಗಿಸದೆ ಮೊಣಕಾಲನ್ನು ಬಾಗಿಸಬೇಕೆಂಬುದು, ಇವನ್ನೆಲ್ಲ ಆಕೆ ಮಾಡಿ ತೋರಿಸುತ್ತಾಳೆ. ಬಳಿಕ, ನೀವು ಊಟ ಮಾಡಿದಿರಾ, ರಾತ್ರಿ ನಿದ್ದೆಯಾಯಿತೇ ಎಂದು ಕೇಳುತ್ತಾಳೆ. ವರ್ಷಗಳಿಂದ ಆ ಮನೆಗೆ ಬಂದವರೆಲ್ಲರೂ ಅಜ್ಜಿಗೆ ಹೇಗಿದೆಯೆಂದೇ ಕೇಳಿದ್ದರು. ಇದೇ ವರ್ಷಗಳಲ್ಲಿ ಕೇರಳ ಸರಕಾರವು ಆಶ್ವಾಸಕಿರಣವೆಂಬ ಯೋಜನೆಯನ್ನೂ ತಂದಿತು. ಹಾಸಿಗೆ ಹಿಡಿದವರನ್ನು ಮನೆಯಲ್ಲಿಯೇ ಇದ್ದು ನೋಡಿಕೊಳ್ಳುವವರಿಗೆಂದೇ ಮೀಸಲಾದ ಮಾಸಿಕ ಧನಸಹಾಯ ಅದು. ಬಹುಕಾಲ ಅದರ ಮೊತ್ತ ತಿಂಗಳಿಗೆ 600 ರೂಪಾಯಿಗಳಷ್ಟು ಮಾತ್ರ. ದಿನಕ್ಕೆ 20 ರೂಪಾಯಿ. ಮೊತ್ತ ನಗೆಗೀಡಾಗುವಂಥದು. ಆದರೆ ಅದರ ಅರ್ಜಿಯಲ್ಲಿ ರೋಗಿಯ ಹೆಸರಿನ ಜೊತೆಗೆ ನೋಡಿಕೊಳ್ಳುವವರ ಹೆಸರನ್ನೂ ಬರೆಯಬೇಕು.

ಕಾಸರಗೋಡಿನ ಕನ್ನಡ, ತುಳು ಮನೆಗಳಲ್ಲಿ ಇನ್ನೊಂದು ಕೆಲಸವೂ ಈಕೆಯ ಮೇಲೆ ಬಿದ್ದಿದೆ. ನರ್ಸಿನ ಮಾತು ಮಲಯಾಳ, ಅಜ್ಜಿಯ ಮಾತು ಕನ್ನಡವೋ ತುಳುವೋ ಹವ್ಯಕವೋ. ನೋವು ಚುಚ್ಚುವಂಥದೋ, ಸೆಳೆಯುವಂಥದೋ, ಉರಿಯುವಂಥದೋ ಎಂಬುದರ ಮೇಲೆ ಮದ್ದು ನಿಂತಿರುತ್ತದೆ. ಅಜ್ಜಿ ಕಟಕಟ ಎಂದರೆ ಅದು ಯಾವ ನೋವು, ಜುಮುಜುಮು ಎಂದರೆ ಯಾವುದು, ಇದನ್ನು ಆಸ್ಪತ್ರೆಯ ಭಾಷೆಗೆ ತಿರುಗಿಸಿ ಹೇಳುವವಳು ಮಂಚದ ಕಾಲಬಳಿ ನಿಂತ ಸೊಸೆಯೇ. ವಾರೆನ್ ಪರೀಕ್ಷಿಸಿದ 714 ಮಂದಿಗೆ ಈ ತೊಡಕು ಇರಲಿಲ್ಲ.